ಮೊದಲ ಹವಳದ ಅಕ್ವೇರಿಯಂಗೆ ಕೊಂಡ ಸಲಕರಣೆಗಳು: ಹದಿನಾಲ್ಕು ತಿಂಗಳ ಬಳಕೆಯ ನಂತರ ಒಂದು ವಿಮರ್ಶೆ

ಮನೆಯಲ್ಲಿ ಉಪ್ಪುನೀರಿನ ಹವಳದ ಅಕ್ವೇರಿಯಂ ಇಡಬೇಕೆಂದು ಹೊರಟವರ ಕೈಗೆ ಮೊದಲು ಸಿಗುವುದು ಸಲಕರಣೆಗಳ ಒಂದು ಪಟ್ಟಿ. ಗಾಜಿನ ತೊಟ್ಟಿ, ದೀಪ, ನೀರಿನ ಕಶ್ಮಲವನ್ನು ನೊರೆಯಾಗಿ ತೆಗೆಯುವ ಪ್ರೋಟೀನ್ ಸ್ಕಿಮ್ಮರ್, ಹೀಟರ್, ಅಲೆ ಎಬ್ಬಿಸುವ ಪಂಪು, ಉಪ್ಪು, ಪರೀಕ್ಷಾ ಕಿಟ್ಟು ಎಂದು ಸಾಗುವ ಆ ಪಟ್ಟಿ ಬಹುಮಟ್ಟಿಗೆ ಎಲ್ಲ ಕಡೆಯೂ ಒಂದೇ ತೆರನಾಗಿರುತ್ತದೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಅದನ್ನು ಬರೆದವರ ಮನೆ ಚಳಿದೇಶದಲ್ಲಿದೆ. ಅಲ್ಲಿ ಕರೆಂಟು ಹೋಗುವುದು ಅಪರೂಪ, ನಲ್ಲಿ ತಿರುಗಿಸಿದರೆ ರಭಸವಾಗಿ ನೀರು ಬರುತ್ತದೆ, ಕೋಣೆಯನ್ನು ಬೆಚ್ಚಗಿಡುವುದೇ ಮುಖ್ಯ ಚಿಂತೆ. ನಾನು ಬೆಂಗಳೂರಿನ ನಾಲ್ಕಂತಸ್ತಿನ ಅಪಾರ್ಟ್‌ಮೆಂಟೊಂದರ ಮೂರನೆಯ ಮಹಡಿಯಲ್ಲಿ ಎರಡು ಅಡಿ ಉದ್ದದ ತೊಟ್ಟಿಯನ್ನಿಟ್ಟು ಈಗ ಹದಿನಾಲ್ಕು ತಿಂಗಳಾಯಿತು. ಈ ಅವಧಿಯಲ್ಲಿ ಪಟ್ಟಿಯ ತಲೆಯಲ್ಲಿದ್ದ ವಸ್ತುಗಳು ಒಂದೊಂದಾಗಿ ಕೆಳಕ್ಕೆ ಜಾರಿದವು. ಕೊನೆಯಲ್ಲಿ ‘ಬೇಕಿದ್ದರೆ’ ಎಂಬ ಟಿಪ್ಪಣಿಯೊಂದಿಗೆ ಬರೆದಿದ್ದವು ಮೇಲಕ್ಕೆ ಬಂದವು. ನಮ್ಮ ಊರುಗಳಲ್ಲಿ ನೀರು ಶುದ್ಧಮಾಡುವ ಘಟಕ, ಆವಿಯಾದ ನೀರನ್ನು ತುಂಬುವ ವ್ಯವಸ್ಥೆ, ತಂಪು ಮತ್ತು ಕರೆಂಟಿನ ಬದಲಿ ಏರ್ಪಾಡು, ಈ ನಾಲ್ಕಕ್ಕೆ ಹಣ ಎತ್ತಿಟ್ಟ ಮೇಲೆಯೇ ದೀಪದ ಅಂಗಡಿಗೆ ಹೋಗಬೇಕು ಎಂಬುದು ನನ್ನ ಅನುಭವಕ್ಕೆ ಬಂದ ಮಾತು. ಬಳಸಿದ ಪ್ರತಿಯೊಂದು ಸಲಕರಣೆಯನ್ನೂ ಅದೇ ದೃಷ್ಟಿಯಿಂದ ಇಲ್ಲಿ ತೂಗಿ ನೋಡಿದ್ದೇನೆ. ಹೋಲಿಕೆಗೆ ಮಂಗಳೂರಿನಲ್ಲಿರುವ ನನ್ನ ಭಾವನ ತೊಟ್ಟಿಯೂ ಇದೆ. ಅವರದೂ ನನ್ನದೂ ಒಂದೇ ಅಳತೆ. ಊರು ಬೇರೆಯಾದದ್ದರಿಂದ ಖರ್ಚಿನ ದಾರಿಯೂ ಬೇರೆಯಾಯಿತು.

ನೀರಿನಿಂದಲೇ ಆರಂಭಿಸುತ್ತೇನೆ. ನಮ್ಮ ಕಟ್ಟಡಕ್ಕೆ ವಾರದ ಕೆಲವು ದಿನ ಕಾವೇರಿ ನೀರು, ಉಳಿದ ದಿನ ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬರುತ್ತದೆ. ನೀರಿನಲ್ಲಿ ಕರಗಿರುವ ಲವಣ, ಖನಿಜಗಳ ಒಟ್ಟು ಪ್ರಮಾಣ ತೋರಿಸುವ ನನ್ನ ಟಿಡಿಎಸ್ ಮೀಟರಿನಲ್ಲಿ ಕಾವೇರಿ ನೀರು 190 ಆಸುಪಾಸು ತೋರಿಸಿದರೆ, ಟ್ಯಾಂಕರ್ ನೀರು 780ರವರೆಗೂ ಏರಿದ್ದುಂಟು. ಹವಳದ ತೊಟ್ಟಿಗೆ, ಉಪ್ಪು ಬೆರೆಸುವ ಮುನ್ನ, ಬೇಕಾದದ್ದು ಸೊನ್ನೆ. ನಲ್ಲಿ ನೀರಿನ ಸಿಲಿಕೇಟು ಮತ್ತು ಫಾಸ್ಫೇಟುಗಳು ಕಂದು, ಹಸಿರು ಪಾಚಿಗೆ ಗೊಬ್ಬರವಾಗುತ್ತವೆ. ತಾಮ್ರದ ಅಂಶ ಅತ್ಯಲ್ಪವಿದ್ದರೂ ಹವಳ, ಸಿಗಡಿ, ಶಂಖದಹುಳುಗಳಿಗೆ ವಿಷ. ಅಡುಗೆಮನೆಯಲ್ಲಿ ಹೇಗೂ ಆರ್‌ಓ ಫಿಲ್ಟರ್ ಇದೆಯಲ್ಲ, ಅದರ ನೀರನ್ನೇ ಹಿಡಿದರಾಯಿತು ಎಂದು ಮನೆಯವರೆಲ್ಲ ಸಲಹೆ ಕೊಟ್ಟರು. ಕುಡಿಯುವ ನೀರಿನ ಆ ಯಂತ್ರಗಳಲ್ಲಿ ರುಚಿಗೆಂದು ಸೋಸದ ನೀರನ್ನು ಸ್ವಲ್ಪ ಬೆರೆಸುವ ಟಿಡಿಎಸ್ ಕಂಟ್ರೋಲರೋ ಖನಿಜ ಸೇರಿಸುವ ಕಾರ್ಟ್ರಿಜ್ಜೋ ಸಾಮಾನ್ಯವಾಗಿ ಇದ್ದೇ ಇರುತ್ತದೆ. ನಮಗೆ ಹಿತವಾದ ಆ 60–80 ಟಿಡಿಎಸ್ ನೀರು ಹವಳಕ್ಕೆ ಆಗದು.

ಆದ್ದರಿಂದ ಪ್ರತ್ಯೇಕ ಆರ್‌ಓ–ಡಿಐ ಘಟಕವನ್ನು ಹಾಕಿಸಬೇಕಾಯಿತು. ಆರ್‌ಓ ಸೋಸಿದ ಮೇಲೂ ಉಳಿದ ಲವಣವನ್ನು ಹೀರಿಕೊಳ್ಳುವ ಹಂತವೇ ಡಿಐ (ಡೀಅಯಾನೈಸೇಷನ್). 5 ಮೈಕ್ರಾನಿನ ಸೆಡಿಮೆಂಟ್ ಫಿಲ್ಟರ್, ಕಾರ್ಬನ್ ಬ್ಲಾಕ್, 75 ಗ್ಯಾಲನ್ ಸಾಮರ್ಥ್ಯದ ಮೆಂಬ್ರೇನ್, ಕೊನೆಯಲ್ಲಿ ಬಣ್ಣ ಬದಲಿಸುವ ಡಿಐ ರೆಸಿನ್, ಇಷ್ಟು ಅದರ ಅಂಗಗಳು. 75 ಗ್ಯಾಲನ್ ಎಂದರೆ ದಿನಕ್ಕೆ ಸುಮಾರು 284 ಲೀಟರ್ ಎಂದು ಪೆಟ್ಟಿಗೆಯ ಮೇಲೆ ಬರೆದಿರುತ್ತದೆ, ಆದರೆ ಆ ಲೆಕ್ಕ ಸುಮಾರು 4 ಬಾರ್ ಒತ್ತಡಕ್ಕೆ ಸಂಬಂಧಿಸಿದ್ದು. ನಮ್ಮ ಮನೆಗಳಲ್ಲಿ ನೀರು ಬರುವುದು ತಾರಸಿಯ ಟ್ಯಾಂಕಿನಿಂದ. ಹತ್ತು ಮೀಟರ್ ಎತ್ತರಕ್ಕೆ ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಸಿಗುತ್ತದೆ. ಮೇಲಿನ ಮಹಡಿಯಲ್ಲಿದ್ದಷ್ಟೂ ಒತ್ತಡ ಕಡಿಮೆಯಾದ್ದರಿಂದ ನಮ್ಮ ಮೂರನೆಯ ಮಹಡಿಯಲ್ಲಿ ಅದು ಒಂದು ಬಾರನ್ನೂ ಮುಟ್ಟುವುದಿಲ್ಲ. ಮೊದಲ ವಾರ ಘಟಕದಿಂದ ಹನಿಹನಿಯಾಗಿ ಬಿದ್ದ ನೀರನ್ನು ನೋಡಿ ಮೆಂಬ್ರೇನೇ ಕೆಟ್ಟದ್ದು ಕೊಟ್ಟಿದ್ದಾರೆಂದು ಅನುಮಾನಿಸಿದ್ದೆ. ದೋಷವಿದ್ದದ್ದು ನನ್ನ ಲೆಕ್ಕದಲ್ಲಿ. ಒತ್ತಡ ಕಡಿಮೆಯಾದರೆ ನೀರು ಕಡಿಮೆ ಬರುವುದಷ್ಟೇ ಅಲ್ಲ, ಬಂದ ನೀರಿನ ಶುದ್ಧಿಯೂ ಕೆಡುತ್ತದೆ. ಇದಕ್ಕೆ ಪರಿಹಾರ ಬೂಸ್ಟರ್ ಪಂಪು. ಅದಕ್ಕಾಗಿ ಅಕ್ವೇರಿಯಂ ಅಂಗಡಿಗೆ ಹೋಗಬೇಕಿಲ್ಲ: ನೀರಿನ ಫಿಲ್ಟರ್ ರಿಪೇರಿ ಮಾಡುವ ಯಾವುದೇ ಅಂಗಡಿಯಲ್ಲಿ 24 ವೋಲ್ಟಿನ ಬೂಸ್ಟರ್ ಪಂಪು, ಅದರ ಅಡಾಪ್ಟರ್, ಪೈಪು, ಕನೆಕ್ಟರ್ ಎಲ್ಲವೂ ಬಿಡಿಯಾಗಿ ಸಿಗುತ್ತವೆ. ನನ್ನ ಇಡೀ ಘಟಕವನ್ನು ಹಾಗೆ ಬಿಡಿಭಾಗಗಳಿಂದಲೇ ಜೋಡಿಸಿಕೊಟ್ಟವರು ಒಬ್ಬ ಫಿಲ್ಟರ್ ಮೆಕ್ಯಾನಿಕ್. ಡಿಐ ರೆಸಿನ್ ಒಂದನ್ನು ಮಾತ್ರ ಬೇರೆ ಕಡೆಯಿಂದ ತರಿಸಬೇಕಾಯಿತು. ಈ ಎಲ್ಲ ಖರೀದಿಯಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟ ವಸ್ತು ಇದೇ.

ಅದರ ದೋಷಗಳನ್ನೂ ಹೇಳಬೇಕು. ಮೆಂಬ್ರೇನ್ ಸುಮಾರು ನೂರಕ್ಕೆ ತೊಂಬತ್ತೈದು ಪಾಲು ಲವಣವನ್ನು ತಡೆಯುತ್ತದೆಂದು ಹಿಡಿದರೆ, ಕಾವೇರಿ ನೀರಿನ ದಿನ ರೆಸಿನ್ ಮೇಲೆ ಬೀಳುವ ಹೊರೆ 10ರಷ್ಟು, ಟ್ಯಾಂಕರ್ ನೀರಿನ ದಿನ 39ರಷ್ಟು. ಎಂದರೆ ಅದೇ ರೆಸಿನ್ ನಾಲ್ಕು ಪಟ್ಟು ಬೇಗ ಮುಗಿಯುತ್ತದೆ. ಹಾಗಾಗಿ ಕಾವೇರಿ ನೀರು ಬಂದ ದಿನವೇ ಎರಡು ಕ್ಯಾನು ತುಂಬಿಸಿಟ್ಟುಕೊಳ್ಳುವ ಅಭ್ಯಾಸ ಬಂದಿದೆ. ಮತ್ತೊಂದು ದೋಷ ವ್ಯರ್ಥವಾಗುವ ನೀರಿನದು. ಒಂದು ಲೀಟರ್ ಶುದ್ಧ ನೀರಿಗೆ ಮೂರರಿಂದ ನಾಲ್ಕು ಲೀಟರ್ ಹೊರಹೋಗುತ್ತದೆ. 2024ರ ಮಾರ್ಚಿನಲ್ಲಿ ಈ ಊರು ನೀರಿಗೆ ಪಟ್ಟ ಪಾಡನ್ನು ಕಂಡವರು ಯಾರೂ ಆ ನೀರನ್ನು ಮೋರಿಗೆ ಬಿಡಲಾರರು. ನಮ್ಮಲ್ಲಿ ಅದು ಬಕೆಟ್ಟಿನಲ್ಲಿ ನಿಂತು ನೆಲ ಒರೆಸಲು, ಬಟ್ಟೆ ನೆನೆಹಾಕಲು ಹೋಗುತ್ತದೆ.

ಉಪ್ಪಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಹೆಸರಾಂತ ಕಂಪನಿಗಳ ಯಾವ ಉಪ್ಪಾದರೂ ನಡೆಯುತ್ತದೆ. ಲೀಟರಿಗೆ 36ರಿಂದ 38 ಗ್ರಾಂನಷ್ಟು ಬೇಕಾಗುವುದರಿಂದ 100 ಲೀಟರಿನ ಮೊದಲ ಭರ್ತಿಗೆ ನಾಲ್ಕು ಕಿಲೋ ಹತ್ತಿರ, ವಾರಕ್ಕೆ ಹತ್ತು ಲೀಟರ್ ಬದಲಿಸಿದರೆ ಪ್ರತಿ ವಾರ 370 ಗ್ರಾಂ ಎಂದು ಲೆಕ್ಕ ಹಾಕಬಹುದು. ತೆರೆದ ಚೀಲ ಮಳೆಗಾಲದಲ್ಲಿ ತೇವ ಎಳೆದು ಗಟ್ಟಿಯಾಗುತ್ತದೆ. ಹಾಗೆ ಗಟ್ಟಿಯಾದ ಉಪ್ಪನ್ನು ಕರಗಿಸಿದರೆ ಕ್ಯಾಲ್ಸಿಯಂ ಕಾರ್ಬೊನೇಟು ಬಿಳಿಯ ಹುಡಿಯಾಗಿ ತಳ ಸೇರಿ ನೀರಿನ ಕ್ಷಾರತೆ ಕುಸಿಯುತ್ತದೆ. ಅಕ್ಕಿ ಡಬ್ಬದಂತೆ ಬಿಗಿ ಮುಚ್ಚಳವಿರುವ ಡಬ್ಬಕ್ಕೆ ಅಂದೇ ಸುರಿದಿಡಬೇಕು. ಕರಾವಳಿಯವರು ಸಮುದ್ರದ ನೀರನ್ನೇ ತಂದರಾಗದೇ ಎಂದು ಕೇಳುತ್ತಾರೆ. ನಮ್ಮ ಭಾವನೂ ಮೊದಲು ಅದನ್ನೇ ಯೋಚಿಸಿದ್ದರು. ನೇತ್ರಾವತಿ, ಗುರುಪುರ ಹೊಳೆಗಳು ಕಡಲು ಸೇರುವ ಜಾಗದ ಆಸುಪಾಸಿನ ನೀರಿನ ಲವಣಾಂಶ ಮಳೆಗಾಲದಲ್ಲಿ ದಿನಕ್ಕೊಂದು ಬಗೆ. ಕೆಸರು ಮತ್ತು ಊರಿನ ಕೊಳೆಯ ಮಾತು ಬೇರೆ. ಮೊದಲ ಸಲದವರು ಆ ಸಾಹಸಕ್ಕೆ ಇಳಿಯದಿರುವುದು ಲೇಸು.

ಲವಣಾಂಶ ಅಳೆಯುವ ಸಲಕರಣೆಯಲ್ಲಿ ಮಾತ್ರ ಜಿಪುಣತನ ಮಾಡಬಾರದು. ಮುಳ್ಳು ಏಳುವ ಪ್ಲಾಸ್ಟಿಕ್ ಹೈಡ್ರೋಮೀಟರಿಗಿಂತ, ನೀರಿನಲ್ಲಿ ಬೆಳಕು ಬಾಗುವುದನ್ನು ನೋಡಿ ಲವಣಾಂಶ ಹೇಳುವ ರಿಫ್ರಾಕ್ಟೋಮೀಟರ್ ಮೇಲು. ಆದರೆ ಅಗ್ಗದ ಬಹಳಷ್ಟು ರಿಫ್ರಾಕ್ಟೋಮೀಟರುಗಳ ಅಳತೆಗೀಟುಗಳು ಸಮುದ್ರದ ನೀರಿಗಲ್ಲ, ಅಡುಗೆ ಉಪ್ಪಿನ ದ್ರಾವಣಕ್ಕೆ ಹೊಂದಿಕೊಂಡಿರುತ್ತವೆ. ಶುದ್ಧ ನೀರನ್ನು ಬಿಟ್ಟು ಸೊನ್ನೆಗೆ ಹೊಂದಿಸಿದರೆ ಸಾಕೆಂದು ಅದರೊಂದಿಗಿನ ಚೀಟಿಯಲ್ಲಿತ್ತು; ಹಾಗೆಯೇ ಮಾಡಿ ಎರಡು ತಿಂಗಳು ನಿಶ್ಚಿಂತೆಯಿಂದಿದ್ದೆ. ಆಮೇಲೆ 35 ಪಿಪಿಟಿಯ (ಸಾವಿರ ಪಾಲಿಗೆ 35 ಪಾಲು ಲವಣ, ಎಂದರೆ ಸಮುದ್ರದ ನೀರಿನಷ್ಟು) ಪ್ರಮಾಣಿತ ದ್ರಾವಣದ ಸಣ್ಣ ಬಾಟಲಿಯೊಂದನ್ನು ತರಿಸಿ ಪರೀಕ್ಷಿಸಿದಾಗ, ನಾನು 35 ಎಂದುಕೊಂಡಿದ್ದ ನೀರು 33ಕ್ಕಿಂತ ಕೆಳಗಿತ್ತು. ಹವಳಗಳು ಅಷ್ಟು ದಿನ ಏಕೆ ಮುದುಡಿಕೊಂಡಿದ್ದವು ಎಂಬುದಕ್ಕೆ ಕೆಲವು ನೂರು ರೂಪಾಯಿಯ ಆ ಬಾಟಲಿ ಉತ್ತರ ಕೊಟ್ಟಿತು. ಸಲಕರಣೆಯನ್ನು ಎಲ್ಲಿ ಬಳಸುತ್ತೇವೋ ಅದೇ ಅಂಕೆಯಲ್ಲಿ, ಎಂದರೆ 35ರಲ್ಲಿಯೇ, ಹೊಂದಿಸಬೇಕು.

ಇನ್ನು ಬಿಸಿಲಿನ ವಿಷಯ. ಹವಳದ ತೊಟ್ಟಿ 24ರಿಂದ 27 ಡಿಗ್ರಿ ಸೆಲ್ಸಿಯಸ್‌ನೊಳಗೆ ಇದ್ದರೆ ಚೆನ್ನ. ಬೇಸಿಗೆಯ ಗರಿಷ್ಠಕ್ಕಿಂತ ಒಂದೆರಡು ಡಿಗ್ರಿ ಹೆಚ್ಚಿನ ಬಿಸಿ ಕೆಲವು ವಾರ ಮುಂದುವರಿದರೆ ಹವಳ ತನ್ನ ದೇಹದೊಳಗಿನ ಪಾಚಿಯನ್ನು ಕಳೆದುಕೊಂಡು ಬಿಳಿಚುತ್ತದೆ. 1998, 2010 ಮತ್ತು 2016ರಲ್ಲಿ ಲಕ್ಷದ್ವೀಪದ ಹವಳದಿಬ್ಬಗಳಿಗೆ ಆದದ್ದು ಇದೇ. ಅಷ್ಟು ದೊಡ್ಡ ಕಡಲಿನಲ್ಲಿ ಬಿಸಿ ಏರಲು ವಾರಗಳು ಬೇಕು, ನೂರು ಲೀಟರಿನ ತೊಟ್ಟಿಯಲ್ಲಿ ಏಪ್ರಿಲಿನ ಒಂದು ಮಧ್ಯಾಹ್ನ ಸಾಕು. ನನ್ನ ಪಟ್ಟಿಯಲ್ಲಿ ಹೀಟರ್ ನಾಲ್ಕನೆಯ ಸ್ಥಾನದಲ್ಲಿತ್ತು, ತಂಪಿನ ಏರ್ಪಾಡು ಇರಲೇ ಇಲ್ಲ. ಮಾರ್ಚ್ ಮೂರನೆಯ ವಾರದಲ್ಲಿ ನೀರು 29.5 ಡಿಗ್ರಿ ಮುಟ್ಟಿದಾಗ ಕಣ್ಣು ತೆರೆಯಿತು.

ಆಗ ಕೊಂಡದ್ದು 12 ವೋಲ್ಟಿನ ಎರಡು ಸಣ್ಣ ಫ್ಯಾನುಗಳ ಒಂದು ಜೋಡಿ. ತೊಟ್ಟಿಯ ಅಂಚಿಗೆ ಕ್ಲಿಪ್ಪಿನಿಂದ ಸಿಕ್ಕಿಸಿ ಗಾಳಿ ನೀರಿನ ಮೇಲ್ಮೈಗೆ ಓರೆಯಾಗಿ ಬೀಸುವಂತೆ ಇಟ್ಟೆ. ಮರುದಿನದ ಮಧ್ಯಾಹ್ನ ನೀರು 27 ಡಿಗ್ರಿಯಲ್ಲಿತ್ತು. ಮಣ್ಣಿನ ಹೂಜಿಯ ನೀರು ತಣ್ಣಗಾಗುವ ಗುಟ್ಟೇ ಇದರದೂ. ಒಂದು ಲೀಟರ್ ನೀರು ಆವಿಯಾಗುವಾಗ ಸುಮಾರು 2,430 ಕಿಲೋಜೂಲ್ ಶಾಖವನ್ನು ಒಯ್ಯುತ್ತದೆ. ಬೇಸಿಗೆಯಲ್ಲಿ ನನ್ನ ತೊಟ್ಟಿಯಿಂದ ದಿನಕ್ಕೆ ಎರಡೂವರೆ ಲೀಟರ್ ಆವಿಯಾಗುತ್ತದೆ. ಲೆಕ್ಕ ಹಾಕಿದರೆ ಇದು ಇಡೀ ದಿನ 70 ವ್ಯಾಟ್ ಶಾಖವನ್ನು ಹೊರತೆಗೆದದ್ದಕ್ಕೆ ಸಮ, ಎಂದರೆ ದೀಪ ಮತ್ತು ಪಂಪುಗಳು ಸೇರಿಸುವ ಶಾಖವೆಲ್ಲ ಅಲ್ಲಿಗೆ ವಜಾ. ಇಷ್ಟು ಕೆಲಸವನ್ನು ಕೆಲವೇ ವ್ಯಾಟಿನ ಫ್ಯಾನು ಮಾಡುತ್ತದೆ. ಬೆಂಗಳೂರಿನ ಮಾರ್ಚ್–ಏಪ್ರಿಲ್ ಒಣಗಾಳಿಯಲ್ಲಿ ಇದಕ್ಕಿಂತ ಒಳ್ಳೆಯ ಖರೀದಿ ಇಲ್ಲ.

ಮಂಗಳೂರಿನ ಕಥೆ ಬೇರೆ. ಭಾವ ಅದೇ ಫ್ಯಾನನ್ನು ತರಿಸಿ ಹಾಕಿದರು. ಒಂದು ಡಿಗ್ರಿಯೂ ಇಳಿಯಲಿಲ್ಲ. ಮೊದಲೇ ತೇವ ತುಂಬಿದ ಕರಾವಳಿಯ ಗಾಳಿ ಇನ್ನಷ್ಟು ಆವಿಯನ್ನು ಹೇಗೆ ತಾನೇ ಹೀರೀತು? ಅವರು ಕೊನೆಗೆ 1/10 ಎಚ್‌ಪಿಯ ಚಿಲ್ಲರ್ ಕೊಂಡರು. ಅವರ ಒಟ್ಟು ಖರ್ಚಿನಲ್ಲಿ ದೊಡ್ಡ ಪಾಲು ನುಂಗಿದ್ದು ಅದೇ. ಚಿಲ್ಲರ್ ಕೆಲಸದಲ್ಲಿ ನಂಬಿಗಸ್ತ, ಅನುಮಾನವಿಲ್ಲ. ಆದರೆ ಅದು ತೊಟ್ಟಿಯಿಂದ ತೆಗೆದ ಶಾಖವನ್ನೆಲ್ಲ ಅದೇ ಕೋಣೆಗೆ ಉಗುಳುತ್ತದೆ, ಫ್ರಿಜ್ಜಿನಂತೆ ಗುರುಗುಟ್ಟುತ್ತದೆ, ಮುಚ್ಚಿದ ಕಪಾಟಿನೊಳಗೆ ಇಟ್ಟರೆ ತಾನೇ ಉಸಿರುಕಟ್ಟಿ ನಿಲ್ಲುತ್ತದೆ. ಕರಾವಳಿಯಲ್ಲಿ ಯೋಜನೆ ಹಾಕುವವರು ಹೀಟರನ್ನು ಪಟ್ಟಿಯಿಂದಲೇ ಹೊಡೆದುಹಾಕಿ ಆ ಜಾಗದಲ್ಲಿ ಚಿಲ್ಲರ್ ಬರೆದುಕೊಳ್ಳಬೇಕು, ಮತ್ತು ಆ ಬೆಲೆ ಕೈಗೆಟುಕದಿದ್ದರೆ ತೊಟ್ಟಿಯನ್ನೇ ಮುಂದೂಡಬೇಕು.

ಆವಿಯಾಗುವುದು ನೀರು ಮಾತ್ರ; ಉಪ್ಪು ತೊಟ್ಟಿಯಲ್ಲೇ ಉಳಿಯುತ್ತದೆ. ಎರಡೂವರೆ ಲೀಟರ್ ಹೋದರೆ 35 ಇದ್ದ ಲವಣಾಂಶ ಒಂದೇ ದಿನದಲ್ಲಿ ಸುಮಾರು 36ಕ್ಕೆ ಏರುತ್ತದೆ. ಮೂರು ದಿನ ಊರಿಗೆ ಹೋಗಿಬಂದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಿಲ್ಲ. ಆದ್ದರಿಂದ ಆವಿಯಾದಷ್ಟು ಸಿಹಿನೀರನ್ನು ತಾನಾಗಿ ತುಂಬುವ ಆಟೋ ಟಾಪ್ ಆಫ್ ಸಲಕರಣೆಯನ್ನು ನಾನು ಐಚ್ಛಿಕವೆಂದು ಪರಿಗಣಿಸುವುದಿಲ್ಲ. ಇವುಗಳಲ್ಲಿ ಎರಡು ಬಗೆ: ಬೆಂಡಿನಂತೆ ತೇಲುವ ಫ್ಲೋಟ್ ಸ್ವಿಚ್ಚಿನವು ಮತ್ತು ಬೆಳಕಿನ ಕಿರಣದಿಂದ ಮಟ್ಟ ಅರಿಯುವ ಆಪ್ಟಿಕಲ್ ಸೆನ್ಸರಿನವು. ಟುಂಜೆ ಕಂಪನಿಯ ಆಸ್ಮೊಲೇಟರ್ ಎರಡನ್ನೂ ಒಟ್ಟಿಗೆ ಬಳಸುತ್ತದೆ. ಆಪ್ಟಿಕಲ್ ಸೆನ್ಸರ್ ಕೈಕೊಟ್ಟರೆ ಫ್ಲೋಟು ತಡೆಯುತ್ತದೆ, ಪಂಪು ಹತ್ತು ನಿಮಿಷಕ್ಕಿಂತ ಹೆಚ್ಚು ಹೊತ್ತು ಓಡಿದರೆ ತಾನೇ ನಿಂತು ಎಚ್ಚರಿಸುತ್ತದೆ. ಅದರ ಬೆಲೆ ನೋಡಿ ಹಿಂದೆ ಸರಿದ ನಾನು ಫ್ಲೋಟು ಮಾತ್ರವಿರುವ ಅಗ್ಗದ್ದೊಂದನ್ನು ತಂದೆ. ಐದನೆಯ ತಿಂಗಳು ಉಪ್ಪು ಹೆಪ್ಪುಗಟ್ಟಿ ಫ್ಲೋಟು ಕೆಳಗೇ ಅಂಟಿಕೊಂಡಿತು; ಮಟ್ಟ ಇಳಿದಿದೆಯೆಂದು ತಿಳಿದ ಪಂಪು ಕ್ಯಾನಿನಲ್ಲಿದ್ದ ನೀರನ್ನೆಲ್ಲ ತೊಟ್ಟಿಗೆ ಸುರಿಯಿತು. ಹವಳಗಳು ಉಳಿದದ್ದಕ್ಕೆ ಒಂದೇ ಕಾರಣ, ಕ್ಯಾನು ಹತ್ತು ಲೀಟರಿನದಾಗಿತ್ತು. ನೂರು ಲೀಟರಿಗೆ ಹತ್ತು ಸೇರಿದರೆ 35 ಇದ್ದದ್ದು 31.8ಕ್ಕೆ ಇಳಿಯುತ್ತದೆ, ಪೆಟ್ಟು ಬಿತ್ತು, ಪ್ರಾಣ ಹೋಗಲಿಲ್ಲ. ಪದೇಪದೇ ತುಂಬುವ ಕೆಲಸ ತಪ್ಪಲೆಂದು ನಲವತ್ತು ಲೀಟರಿನ ಡ್ರಮ್ಮಿಗೆ ಜೋಡಿಸಬೇಕೆಂದಿದ್ದ ನನ್ನ ಸೋಮಾರಿತನ ಗೆದ್ದಿದ್ದರೆ ಆ ದಿನವೇ ಆಟ ಮುಗಿಯುತ್ತಿತ್ತು. ಪೈಪಿನ ತುದಿಯನ್ನು ನೀರಿನ ಮಟ್ಟಕ್ಕಿಂತ ಮೇಲೆ ಕಟ್ಟಬೇಕು; ಇಲ್ಲವಾದರೆ ಪಂಪು ನಿಂತ ಮೇಲೂ ಸೈಫನ್ನಿನಿಂದ ನೀರು ಅತ್ತಿತ್ತ ಹರಿಯುತ್ತದೆ. 

ಕರೆಂಟಿನ ವಿಚಾರಕ್ಕೆ ಬರುವ ಮೊದಲು ಒಂದು ಅಂಕೆಯನ್ನು ನೆನಪಿಡಬೇಕು. 25 ಡಿಗ್ರಿಯಲ್ಲಿ ಸಿಹಿನೀರು ಲೀಟರಿಗೆ ಸುಮಾರು 8.2 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ ಸಮುದ್ರದ ನೀರು 6.8ರ ಆಸುಪಾಸಿನಷ್ಟನ್ನು ಮಾತ್ರ ಹಿಡಿಯಬಲ್ಲದು. ಗೋಲ್ಡ್‌ಫಿಶ್ ಸಾಕಿದವರು ಎರಡು ಗಂಟೆ ಕರೆಂಟು ಹೋದರೂ ತಲೆಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಆ ಸಲಿಗೆ ಇಲ್ಲ. ನೀರಿನ ಚಲನೆ ನಿಂತರೆ ರಾತ್ರಿಯ ಹೊತ್ತು ಮೀನು, ಹವಳ, ಕಲ್ಲಿನೊಳಗಿನ ಬ್ಯಾಕ್ಟೀರಿಯಾ ಎಲ್ಲವೂ ಒಂದೇ ಆಮ್ಲಜನಕಕ್ಕೆ ಕೈಯೊಡ್ಡುತ್ತವೆ. ನಮ್ಮ ಮನೆಯಲ್ಲಿ ಇನ್ವರ್ಟರ್ ಇತ್ತು, ಅದರ ಧೈರ್ಯದಲ್ಲಿದ್ದೆ. ಮೊದಲ ಬಾರಿ ಕರೆಂಟು ಹೋದಾಗ, ತೊಟ್ಟಿಯ ಹಿಂಬದಿ ಖಾನೆಯಿಂದ ನೀರನ್ನು ಮತ್ತೆ ಮುಂದಕ್ಕೆ ತಳ್ಳುವ ರಿಟರ್ನ್ ಪಂಪು ದುಂಬಿಯಂತೆ ಗುಂಯ್‌ಗುಡಲಾರಂಭಿಸಿತು, ಮುಟ್ಟಿ ನೋಡಿದರೆ ಕೈಸುಡುವಷ್ಟು ಬಿಸಿ. ಹಳೆಯ ಕಾಲದ ಸ್ಕ್ವೇರ್ ವೇವ್ ಇನ್ವರ್ಟರುಗಳಲ್ಲಿ ಎಸಿ ಪಂಪುಗಳಿಗೆ ಆಗುವ ಗತಿ ಇದು. ಸೈನ್ ವೇವ್ ಇನ್ವರ್ಟರಿಗೆ ಬದಲಿಸಬೇಕು, ಇಲ್ಲವೇ ಡಿಸಿ ಪಂಪುಗಳನ್ನು ಕೊಂಡು ಅವನ್ನು ನೇರವಾಗಿ ಬ್ಯಾಟರಿಯ ಮೇಲೆ ಓಡಿಸುವ ಏರ್ಪಾಡು ಮಾಡಬೇಕು. ನಾನು ಎರಡನೆಯದನ್ನು ಮೊದಲೇ ತಿಳಿದಿದ್ದರೆ ಎಸಿ ಪಂಪಿನ ಹಣ ಉಳಿಯುತ್ತಿತ್ತು. ಈಗ ಸೈನ್ ವೇವ್ ಇನ್ವರ್ಟರ್ ಬಂದಿದೆ, ಮನೆಯ ಫ್ಯಾನುಗಳ ಗುಂಯ್ ಸದ್ದೂ ಅದರೊಂದಿಗೆ ನಿಂತಿತೆಂದು ಮನೆಯವರಿಗೆ ಸಮಾಧಾನ.

ಬ್ಯಾಟರಿಯ ಲೆಕ್ಕ ಸುಲಭ. 150 ಎಎಚ್‌ನ 12 ವೋಲ್ಟ್ ಬ್ಯಾಟರಿಯಲ್ಲಿ ಹೆಸರಿಗೆ 1,800 ವ್ಯಾಟ್–ಅವರ್ ಶಕ್ತಿ ಇರುತ್ತದೆ. ಅರ್ಧವನ್ನೇ ನಂಬಿದರೂ 900. ಅಲೆ ಪಂಪು ಮತ್ತು ರಿಟರ್ನ್ ಪಂಪು ಸೇರಿ 35 ವ್ಯಾಟ್ ಎಳೆದರೆ ಸುಮಾರು ಇಪ್ಪತ್ತೈದು ಗಂಟೆ ಬಂತು, ಮನೆಯ ಬೇರೆ ಹೊರೆ ಇಲ್ಲದಿದ್ದರೆ. ದೀಪ, ಹೀಟರ್, ಚಿಲ್ಲರುಗಳನ್ನು ಇನ್ವರ್ಟರಿನ ಲೈನಿಗೆ ಸೇರಿಸಲೇಬಾರದು. ಹವಳಕ್ಕೆ ಒಂದು ದಿನ ಬೆಳಕಿಲ್ಲದಿದ್ದರೆ ಏನೂ ಆಗುವುದಿಲ್ಲ. ಇಷ್ಟರ ಮೇಲೆ ಬ್ಯಾಟರಿಯ ಸಣ್ಣ ಏರ್ ಪಂಪೊಂದು ಕಪಾಟಿನಲ್ಲಿರಲಿ. ಇದಕ್ಕಿಂತ ಮುಖ್ಯವಾದದ್ದು ಉಪ್ಪುನೀರು ಮತ್ತು ವಿದ್ಯುತ್ತಿನ ಸಹವಾಸ. ಎಲೆಕ್ಟ್ರಿಷಿಯನ್ ಕರೆಸಿ ತೊಟ್ಟಿಯ ಪ್ಲಗ್‌ಪಾಯಿಂಟಿಗೆ ವಿದ್ಯುತ್ ಸೋರಿದೊಡನೆ ಕರೆಂಟು ಕಡಿಯುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಸ್ವಿಚ್ಚು ಹಾಕಿಸಿ, ಅರ್ಥಿಂಗ್ ಸರಿಯಿದೆಯೇ ಎಂದು ನೋಡಿಸಿದ ಮೇಲೆಯೇ ನೀರು ತುಂಬಿಸಬೇಕು. ಪ್ರತಿ ವೈರೂ ಸಾಕೆಟ್ಟಿಗಿಂತ ಕೆಳಕ್ಕೆ ಜೋತುಬಿದ್ದು ಮತ್ತೆ ಮೇಲೇರುವಂತಿದ್ದರೆ, ಜಾರಿಬಂದ ಹನಿ ಆ ತಗ್ಗಿನಲ್ಲೇ ತೊಟ್ಟಿಕ್ಕುತ್ತದೆ.

ಗಾಜಿನ ತೊಟ್ಟಿಯನ್ನು ಸ್ಥಳೀಯ ಅಂಗಡಿಯಲ್ಲಿ ಕಟ್ಟಿಸಿದೆ: 60, 45, 45 ಸೆಂಟಿಮೀಟರ್, 10 ಮಿಲಿಮೀಟರ್ ಗಾಜು, ಹಿಂಭಾಗದಲ್ಲಿ ಮೂರು ಖಾನೆ. ಅಳತೆಯಲ್ಲಿ 121 ಲೀಟರ್ ಬಂದರೂ ಕಲ್ಲು, ಮರಳು, ಮೇಲಿನ ಖಾಲಿ ಜಾಗ ಕಳೆದು ನಿಲ್ಲುವ ನೀರು ನೂರರ ಆಸುಪಾಸು. ಕೆಳಗೆ ಇನ್ನೊಂದು ತೊಟ್ಟಿ ಇಟ್ಟು ನೀರು ಸುತ್ತಿಸುವ ಪದ್ಧತಿಯೂ ಇದೆ. ಅದನ್ನು ಸಂಪ್ ಎನ್ನುತ್ತಾರೆ. ಸಂಪು ಎಂದೊಡನೆ ನಮ್ಮ ಅಮ್ಮ ಅಂಗಳದಲ್ಲಿ ನೀರು ತುಂಬಿಸುವ ಸಂಪನ್ನೇ ನೆನೆದು, ಮೂರನೆಯ ಮಹಡಿಯಲ್ಲಿ ಅದನ್ನೆಲ್ಲಿ ಅಗೆಯುತ್ತೀ ಎಂದು ಕೇಳಿದ್ದರು. ಕರೆಂಟು ಹೋದಾಗ ಮೇಲಿನ ನೀರು ಕೆಳಗಿಳಿದು ಹೊರಚೆಲ್ಲುವ ಭಯ ಮೊದಲ ಸಲದವರಿಗೆ ಬೇಡವೆಂದು ನಾನು ಹಿಂಬದಿ ಖಾನೆಗಳನ್ನೇ ಆರಿಸಿಕೊಂಡೆ. ಆ ನಿರ್ಧಾರದ ಬಗ್ಗೆ ಈಗಲೂ ವಿಷಾದವಿಲ್ಲ. ಆದರೆ ಖಾನೆಯ ಅಗಲವನ್ನು ಗಾಜಿನ ಹೊರ ಅಂಚಿನಿಂದ ಅಳೆದು ನಕ್ಷೆ ಕೊಟ್ಟದ್ದು ನನ್ನ ತಪ್ಪು: ಸ್ಕಿಮ್ಮರ್ ಒಳಗೆ ಹಿಡಿಸಲಿಲ್ಲ, ಒಂದು ಗಾಜನ್ನು ಬಿಡಿಸಿ ಮತ್ತೆ ಸಿಲಿಕೋನ್ ಹಾಕಿಸಬೇಕಾಯಿತು. ಸಲಕರಣೆಗಳನ್ನು ಮೊದಲು ಗೊತ್ತುಮಾಡಿಕೊಂಡು ಅವುಗಳ ಅಳತೆಗೆ ತೊಟ್ಟಿ ಕಟ್ಟಿಸುವುದೇ ಸರಿಯಾದ ಕ್ರಮ. ಎಲ್ಲ ಸೇರಿ ತೂಕ 150 ಕಿಲೋ ದಾಟುವುದರಿಂದ ಸ್ಟ್ಯಾಂಡಿಗೆ ನೀರು ತಾಳುವ ಬಿಡಬ್ಲ್ಯೂಪಿ ದರ್ಜೆಯ ಪ್ಲೈವುಡ್ಡೇ ಬೇಕು. ಪಾರ್ಟಿಕಲ್ ಬೋರ್ಡು ನೀರು ಕಂಡರೆ ಅರಳುತ್ತದೆ. ರಸಮಟ್ಟ ಇಟ್ಟು ನೋಡಿಯೇ ತೊಟ್ಟಿ ಏರಿಸಿ.

ಅಲೆ ಪಂಪುಗಳ ಬಗ್ಗೆ ಎರಡೇ ಮಾತು. ಮೃದು ಹವಳಗಳಿಗೆ ಗಂಟೆಗೆ ತೊಟ್ಟಿಯ ನೀರಿನ ಇಪ್ಪತ್ತರಿಂದ ಮೂವತ್ತು ಪಟ್ಟು ಚಲನೆ ಸಾಕಾಗುತ್ತದೆ. ನೂರು ಲೀಟರಿಗೆ ಗಂಟೆಗೆ 2,000ದಿಂದ 3,000 ಲೀಟರ್. ಒಂದೇ ದೊಡ್ಡ ಪಂಪಿಗಿಂತ ವೇಗ ಏರಿಳಿಸಬಹುದಾದ ಎರಡು ಸಣ್ಣ ಡಿಸಿ ಪಂಪುಗಳು ಉತ್ತಮ, ಏಕೆಂದರೆ ಒಂದು ಕೆಟ್ಟರೆ ಇನ್ನೊಂದು ರಾತ್ರಿ ಕಳೆಯಿಸುತ್ತದೆ.

ದೀಪವನ್ನು ಇಷ್ಟು ಕೆಳಗೆ ತಂದದ್ದಕ್ಕೆ ಕಾರಣವಿದೆ. ತೊಟ್ಟಿಯಲ್ಲಿ ಅಮೋನಿಯಾ ನೈಟ್ರೈಟಾಗಿ, ನೈಟ್ರೈಟು ನೈಟ್ರೇಟಾಗಿ ಬದಲಾಗುವ ಬ್ಯಾಕ್ಟೀರಿಯಾಗಳ ಚಕ್ರ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಆ ಅವಧಿಯಲ್ಲಿ ದೀಪದ ಅಗತ್ಯವೇ ಇಲ್ಲ. ಹಚ್ಚಿದರೆ ಪಾಚಿಗೆ ಹಬ್ಬ. ಅಲ್ಲದೆ ಯಾವ ದೀಪ ಬೇಕೆಂಬುದು ಯಾವ ಹವಳ ಇಡುತ್ತೇವೆ ಎಂಬುದನ್ನು ಅವಲಂಬಿಸಿದೆ, ಮತ್ತು ನಮ್ಮ ದೇಶದಲ್ಲಿ ಆ ಪ್ರಶ್ನೆಗೆ ಕಾನೂನಿನ ಉತ್ತರವೂ ಇದೆ. ದಿಬ್ಬ ಕಟ್ಟುವ ಎಲ್ಲ ಕಲ್ಲುಹವಳಗಳು, ಕಪ್ಪು ಹವಳ, ಬೆಂಕಿ ಹವಳ, ಸಮುದ್ರ ಬೀಸಣಿಗೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೆಯ ಅನುಸೂಚಿಯಲ್ಲಿವೆ. ಹುಲಿಗಿರುವ ರಕ್ಷಣೆಯೇ ಅವಕ್ಕೂ. ಕಡಲುಕುದುರೆ, ಕಡಲಸೌತೆಗಳಿಗೂ ಅದೇ ಕಾಯ್ದೆಯ ರಕ್ಷಣೆಯಿದೆ. ಮುರ್ಡೇಶ್ವರದ ಎದುರಿನ ನೇತ್ರಾಣಿಯಿಂದಲೋ ಮನ್ನಾರ್ ಕೊಲ್ಲಿಯಿಂದಲೋ ಬಂದ ‘ಲೈವ್ ರಾಕ್’ (ಜೀವಿಗಳು ತುಂಬಿದ ಕಡಲಿನ ಕಲ್ಲು) ಎಂದು ಯಾರಾದರೂ ಪಿಸುಗುಟ್ಟಿ ಮಾರಲು ಬಂದರೆ ಅಲ್ಲಿಂದ ಎದ್ದುಬರುವುದೇ ಸರಿ. ನಾನು ಬಳಸಿದ್ದು ಒಣಗಿದ, ಕೃತಕವಾಗಿ ತಯಾರಿಸಿದ ಕಲ್ಲು. ಜೀವ ತುಂಬಿಕೊಳ್ಳಲು ಅದಕ್ಕೆ ಕೆಲವು ತಿಂಗಳು ಹಿಡಿಯಿತು, ಆದರೆ ಅದರ ಜತೆ ಬೇಡದ ಏಡಿ, ಹುಳು ಯಾವುದೂ ಬರಲಿಲ್ಲ. ತೊಟ್ಟಿಯಲ್ಲಿರುವುದು ಮಶ್ರೂಮ್, ಲೆದರ್, ಜೋವಾಂಥಿಡ್ ಮುಂತಾದ ಮೃದು ಜಾತಿಗಳು ಮಾತ್ರ, ಅವನ್ನೂ ಮೂಲ ತಿಳಿಸುವ ಬಿಲ್ಲಿನೊಂದಿಗೆ ಕೊಂಡಿದ್ದೇನೆ. ಕ್ಲೌನ್‌ಫಿಶ್ ಜೋಡಿ ಹ್ಯಾಚರಿಯಲ್ಲಿ ಹುಟ್ಟಿದ್ದು. ಇವುಗಳನ್ನು ಮರಿಮಾಡಿಸುವ ತಂತ್ರವನ್ನು ನಮ್ಮ ಕೇಂದ್ರ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯೇ ರೂಪಿಸಿದೆ. ಜೋವಾಂಥಿಡ್ ಮುಟ್ಟುವಾಗ ಕೈಗವಸು ಕಡ್ಡಾಯ: ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಘೋರ ವಿಷವಿದೆ, ಅವು ಬೆಳೆದ ಕಲ್ಲನ್ನು ಕುದಿಸುವುದಂತೂ ಪ್ರಾಣಕ್ಕೇ ಅಪಾಯ.

ಇಷ್ಟಾದ ಮೇಲೆ ದೀಪದ ಆಯ್ಕೆ ತಾನಾಗಿ ಸುಲಭವಾಯಿತು. ಕಲ್ಲುಹವಳಗಳ ಕವಲುಜಾತಿಗಳು 200ರಿಂದ 350 ಪಾರ್ (ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕಿನ ಅಳತೆ) ಬೆಳಕು ಬೇಡಿದರೆ, ಮೃದು ಹವಳಗಳು 50ರಿಂದ 150ರೊಳಗೆ ಸುಖವಾಗಿರುತ್ತವೆ. ನಾನು 90 ವ್ಯಾಟಿನ ಕೆಸಿಲ್ ಎ360ಎಕ್ಸ್ ದೀಪ ಕೊಳ್ಳಬೇಕೆಂದು ಹಣ ಕೂಡಿಸಿಟ್ಟಿದ್ದೆ. ಕೊನೆಗೆ ಕೊಂಡದ್ದು ಅದಕ್ಕಿಂತ ಚಿಕ್ಕದಾದ, ಅಕ್ವಾ ಇಲ್ಯುಮಿನೇಷನ್ (ಎಐ) ಕಂಪನಿಯ ಪ್ರೈಮ್. ಎರಡು ಅಡಿ ತೊಟ್ಟಿಗೆ ಒಂದೇ ಸಾಕಾಗಿದೆ, ಮುಂಜಾನೆಯಿಂದ ಸಂಜೆಯವರೆಗಿನ ಬೆಳಕಿನ ಏರಿಳಿತವನ್ನು ಫೋನಿನಿಂದಲೇ ಹೊಂದಿಸಬಹುದು. ಆರಂಭದಲ್ಲಿ ಕೊಟ್ಟ ಹಣಕ್ಕೆ ಪೂರ್ತಿ ಬೆಳಕು ಬೇಕೆಂಬ ಆಸೆಗೆ ಬಿದ್ದು 90 ಶೇಕಡದಲ್ಲಿ ಉರಿಸಿದೆ, ಎರಡೇ ವಾರಕ್ಕೆ ಮಶ್ರೂಮುಗಳು ಬಣ್ಣಗೆಟ್ಟು ಕಲ್ಲಿನ ಅಡಿಗೆ ಸರಿದವು. ಈಗ 40 ಶೇಕಡದಲ್ಲಿ, ದಿನಕ್ಕೆ ಒಂಬತ್ತು ಗಂಟೆ ಉರಿಯುತ್ತಿದೆ. ಅರ್ಧ ಸಾಮರ್ಥ್ಯವನ್ನೂ ಬಳಸದ ದೀಪಕ್ಕೆ ಇಷ್ಟು ಬೆಲೆ ತೆತ್ತದ್ದು ಅತಿಯಾಯಿತೇ ಎಂದು ಒಮ್ಮೊಮ್ಮೆ ಅನ್ನಿಸುವುದುಂಟು.

ಪ್ರೋಟೀನ್ ಸ್ಕಿಮ್ಮರ್ ಬಗ್ಗೆ ನನ್ನದು ಅಲ್ಪಮತ. ಸೂಕ್ಷ್ಮ ಗುಳ್ಳೆಗಳ ಮೈಗೆ ಸಾವಯವ ಕಶ್ಮಲ ಅಂಟಿ ನೊರೆಯಾಗಿ ಮೇಲೆದ್ದು ಬಟ್ಟಲಿಗೆ ಬೀಳುವ ಅದರ ವಿಧಾನ ಸೊಗಸಾದದ್ದೇ; ಕಬ್ಬಿನ ಹಾಲು ಕಾಯಿಸುವಾಗ ಆಲೆಮನೆಯಲ್ಲಿ ನೊರೆ ತೆಗೆಯುವುದನ್ನು ಕಂಡವರಿಗೆ ಅರ್ಥವಾಗುತ್ತದೆ. ಆದರೆ ಎರಡು ಮೀನು, ಹಿಡಿಯಷ್ಟು ಹವಳ ಇರುವ ನೂರು ಲೀಟರಿನ ತೊಟ್ಟಿಯಲ್ಲಿ ವಾರಕ್ಕೆ ಹತ್ತು ಲೀಟರ್ ನೀರು ಬದಲಿಸಿದರೆ ಅದೇ ಕೆಲಸ ಆಗುತ್ತದೆ. ನಾನು ಕೊಂಡದ್ದು ಸದ್ದು ಹೆಚ್ಚಿನದು, ಮೀನಿಗೆ ಆಹಾರ ಹಾಕಿದಾಗಲೆಲ್ಲ ನೊರೆ ಕುಸಿಯುತ್ತಿತ್ತು, ನೀರಿನ ಮಟ್ಟ ಒಂದು ಸೆಂಟಿಮೀಟರ್ ಬದಲಾದರೂ ಉಕ್ಕಿಬಿಡುತ್ತಿತ್ತು. ಮೂರು ತಿಂಗಳ ನಂತರ ತೆಗೆದಿಟ್ಟೆ. ನೈಟ್ರೇಟು 5ರಿಂದ 10ರ ನಡುವೆಯೇ ನಿಂತಿದೆ. ಮೀನು ಹೆಚ್ಚಿಸುವವರಿಗೆ ಅದು ಬೇಕಾದೀತು, ಆಗಲೂ ಪೆಟ್ಟಿಗೆಯ ಮೇಲೆ ಬರೆದ ಲೀಟರಿನಲ್ಲಿ ಅರ್ಧವನ್ನೇ ನಂಬಬೇಕು.

ಹೀಟರ್ ಬೆಂಗಳೂರಿನಲ್ಲಿ ನವೆಂಬರಿನಿಂದ ಜನವರಿಯವರೆಗಿನ ರಾತ್ರಿಗಳಿಗೆ ಬೇಕು. ನೂರು ವ್ಯಾಟಿನ ಒಂದರ ಬದಲು ಐವತ್ತರ ಎರಡನ್ನು ಹಾಕಿದ್ದೇನೆ, ಏಕೆಂದರೆ ಹೀಟರುಗಳು ಕೆಡುವಾಗ ಆರಿಹೋಗುವುದಕ್ಕಿಂತ ಉರಿಯುತ್ತಲೇ ಉಳಿಯುವುದು ಹೆಚ್ಚು ಅಪಾಯಕಾರಿ. ಸಣ್ಣದು ಅಂಟಿಕೊಂಡರೆ ನೀರು ನಿಧಾನವಾಗಿ ಬಿಸಿಯಾಗುತ್ತದೆ, ಗಮನಿಸಲು ಸಮಯ ಸಿಗುತ್ತದೆ. ಎರಡನ್ನೂ ಹೊರಗಿನ ಥರ್ಮೋಸ್ಟಾಟ್ ಕಂಟ್ರೋಲರಿಗೆ ಜೋಡಿಸಿದ್ದೇನೆ. ಅದರ ಇನ್ನೊಂದು ಸಾಕೆಟ್ಟಿನಲ್ಲಿ ಬೇಸಿಗೆಯ ಫ್ಯಾನು ಇರುವುದರಿಂದ ಋತು ಬದಲಾದರೂ ನಾನು ಏನನ್ನೂ ಮುಟ್ಟಬೇಕಿಲ್ಲ.

ಉಳಿದದ್ದು ಪರೀಕ್ಷಾ ಕಿಟ್ಟುಗಳು. ಮೊದಲ ತಿಂಗಳಿಗೆ ಅಮೋನಿಯಾ, ಆಮೇಲೆ ನೈಟ್ರೇಟು, ಫಾಸ್ಫೇಟು ಮತ್ತು ಕ್ಷಾರತೆ, ಇಷ್ಟಿದ್ದರೆ ಮೃದು ಹವಳದ ತೊಟ್ಟಿ ನಡೆಯುತ್ತದೆ. ಸಾಲಿಫರ್ಟ್ ಕಿಟ್ಟುಗಳು ನಂಬಿಕೆಗೆ ಅರ್ಹವಾದವು, ಆದರೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಬಣ್ಣ ಹೋಲಿಸುವುದು ನನ್ನ ಕಣ್ಣಿಗೆ ಕಷ್ಟ. ಕ್ಷಾರತೆಗೆ ಮಾತ್ರ ಹನ್ನಾ ಕಂಪನಿಯ ಎಚ್‌ಐ772 ಎಂಬ ಕೈಯಳತೆಯ ಯಂತ್ರ ಕೊಂಡೆ. ಹತ್ತು ಮಿಲಿಲೀಟರ್ ನೀರಿಗೆ ಒಂದು ಮಿಲಿಲೀಟರ್ ದ್ರಾವಣ ಹಾಕಿದರೆ ಅಂಕೆ ಪರದೆಯಲ್ಲೇ ಬರುತ್ತದೆ. ಡಿಕೆಎಚ್ ಎಂಬ ಮಾನದಲ್ಲಿ ನನ್ನ ತೊಟ್ಟಿಯ ಕ್ಷಾರತೆ 8ರಿಂದ 9ರ ನಡುವೆ ಇದೆ. ಕಿಟ್ಟು ಯಾವುದೇ ಇರಲಿ, ಹಣ ಕೊಡುವ ಮುನ್ನ ಪೆಟ್ಟಿಗೆ ತಿರುಗಿಸಿ ಅವಧಿಯ ದಿನಾಂಕ ಓದಬೇಕು. ಉಪ್ಪುನೀರಿನ ಸಾಮಾನುಗಳಿಗೆ ಗಿರಾಕಿಗಳು ಕಡಿಮೆಯಾದ್ದರಿಂದ ಅಂಗಡಿಯ ಕಪಾಟಿನಲ್ಲಿ ಅವು ವರ್ಷಗಟ್ಟಲೆ ಕುಳಿತಿರುತ್ತವೆ. ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಕಿಟ್ಟುಗಳನ್ನು ಪಟ್ಟಿಯಲ್ಲಿದ್ದವೆಂದು ಮೊದಲ ತಿಂಗಳೇ ತಂದಿದ್ದೆ. ಕ್ಯಾಲ್ಸಿಯಂ ಕಿಟ್ಟನ್ನು ಎರಡು ಸಲ ಬಳಸಿದ್ದೇನೆ, ಮೆಗ್ನೀಸಿಯಂ ಕಿಟ್ಟಿನ ಮೇಲಿನ ಪ್ಲಾಸ್ಟಿಕ್ ಹೊದಿಕೆ ಹಾಗೆಯೇ ಇದೆ, ಅದರ ಅವಧಿ ಕಳೆದ ತಿಂಗಳು ಮುಗಿಯಿತು.